ಬಂಗಲ್ಲ, ಹುಳುಕಡ್ಡಿಯೂ ಅಲ್ಲ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಈ ನಾಲ್ಕರಲ್ಲಿ ಯಾವ ಪೇಟೆಯ ಮೆಡಿಕಲ್ ಶಾಪಿನ ಮುಂದೆ ಸಂತೆಯ ದಿನ ಸ್ವಲ್ಪ ಹೊತ್ತು ನಿಂತರೂ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: ‘ಅಣ್ಣಾ, ಹುಳುಕಡ್ಡಿಗೆ ಒಂದು ಟ್ಯೂಬ್ ಕೊಡು.’ ಟ್ಯೂಬ್ ಕೈಗೆ ಬರುತ್ತದೆ, ಚೀಟಿ ಕೇಳುವವರಿಲ್ಲ. ಬಹುಪಾಲು ಸಲ ಅದು ಹುಳುಕಡ್ಡಿಯೇ ಆಗಿರುತ್ತದೆ. ಬೆವರು, ಒದ್ದೆ ಬಟ್ಟೆ, ಮನೆಮಂದಿಗೆಲ್ಲ ಒಂದೇ ಟವೆಲ್ಲು ಇರುವವರೆಗೆ ಆ ಕಾಯಿಲೆಗೆ ಬರವೇನೂ ಇಲ್ಲ. ಆದರೆ ಅದೇ ಸಾಲಿನಲ್ಲಿ ಅಪರೂಪಕ್ಕೊಬ್ಬರು ಬೇರೆಯದೇ ಮಚ್ಚೆ ಹೊತ್ತು ನಿಂತಿರುತ್ತಾರೆ. ಅವರಿಗೂ ಅದೇ ಟ್ಯೂಬ್ ಸಿಗುತ್ತದೆ. ತೊಂದರೆ ಶುರುವಾಗುವುದು ಅಲ್ಲಿಂದ.

ಆ ಬೇರೆ ಮಚ್ಚೆಯ ಹೆಸರು ಡಿಸ್ಕಾಯ್ಡ್ ಲೂಪಸ್. ಚರ್ಮದ ಡಾಕ್ಟರರ ಬಾಯಲ್ಲಿ ‘ಡಿಎಲ್‌ಇ’. ಲೂಪಸ್ ಎಂಬ ಆಟೊಇಮ್ಯೂನ್ ಕಾಯಿಲೆಯ ಕುಟುಂಬಕ್ಕೆ ಸೇರಿದ್ದು. ರೋಗಾಣುಗಳ ಮೇಲೆ ಬೀಳಬೇಕಾದ ರಕ್ಷಣಾ ವ್ಯವಸ್ಥೆ ಸ್ವಂತ ದೇಹದ ಮೇಲೇ ಬೀಳುವುದು ಈ ಕುಟುಂಬದ ಗುಣ. ಲೂಪಸ್ ಕೆಲವರಲ್ಲಿ ಮೂತ್ರಪಿಂಡ, ಕೀಲು, ಶ್ವಾಸಕೋಶ, ರಕ್ತಕಣ ಯಾವುದನ್ನೂ ಬಿಡದೆ ಕಾಡುತ್ತದೆ. ಡಿಸ್ಕಾಯ್ಡ್ ಬಗೆಯದು ಹೆಚ್ಚಾಗಿ ಚರ್ಮದಲ್ಲೇ ನಿಲ್ಲುತ್ತದೆ. ಹಾಗಂತ ಅದನ್ನು ಸೌಮ್ಯ ಎನ್ನಲು ನನಗೆ ಮನಸ್ಸಿಲ್ಲ. ಜೀವಕ್ಕೆ ಅಪಾಯ ತರದ ಕಾಯಿಲೆಯೂ ಮುಖದ ನಡುವೆ ಗುರುತು ಬಿಟ್ಟುಹೋದರೆ, ಮದುವೆಗೆ ಬಂದ ಹುಡುಗಿಗೆ ಅದು ಸೌಮ್ಯವಲ್ಲ.

ಮೊದಲು ಕೆನ್ನೆಯ ಮೇಲೋ ಮೂಗಿನ ಮೇಲೋ ಕೆಳತುಟಿಯಲ್ಲೋ ಕಾಸಗಲದ ಮಚ್ಚೆ ಏಳುತ್ತದೆ. ಪುಸ್ತಕದ ಚಿತ್ರಗಳಲ್ಲಿ ಅದು ಕೆಂಪು. ನಮ್ಮ ಬಣ್ಣದ ಚರ್ಮದಲ್ಲಿ ಕಂದು ಅಥವಾ ನೇರಳೆ. ಹಾಗಾಗಿ ‘ಬಂಗು’ ಎಂದುಕೊಳ್ಳುವುದು ಸುಲಭ. ಮೇಲೆ ಹೊಟ್ಟು ಕಟ್ಟುತ್ತದೆ. ಹುಳುಕಡ್ಡಿಯ ಹೊಟ್ಟು ಕೆರೆದರೆ ಉದುರುತ್ತದೆ. ಇದು ಚರ್ಮಕ್ಕೆ ಕಚ್ಚಿಕೊಂಡಿರುತ್ತದೆ, ಎಳೆದರೆ ನೋಯುತ್ತದೆ. ಬಿಡಿಸಿ ತಿರುಗಿಸಿ ನೋಡಿದರೆ ಅಡಿಯಲ್ಲಿ ಹಲಸಿನ ಸಿಪ್ಪೆಯ ಹಾಗೆ ಸಣ್ಣ ಸಣ್ಣ ಮುಳ್ಳುಗಳು. ಕೂದಲ ಬುಡದ ಒಂದೊಂದು ರಂಧ್ರದೊಳಕ್ಕೂ ಹೊಟ್ಟು ಬೆಣೆಯಂತೆ ಇಳಿದಿರುತ್ತದೆ, ಅದೇ ಆ ಮುಳ್ಳು. ತಿಂಗಳುಗಳು ಕಳೆದಂತೆ ಮಚ್ಚೆಯ ನಡುಭಾಗ ತೆಳುವಾಗಿ, ತಗ್ಗಿ, ಬೆಳ್ಳಗಾಗುತ್ತದೆ. ಅಂಚು ಕಪ್ಪಾಗಿ ಉಳಿಯುತ್ತದೆ. ಈ ಹಂತದಲ್ಲಿ ಊರು ಹೆಸರು ಬದಲಿಸುತ್ತದೆ. ಬಂಗು ಹೋಗಿ ತೊನ್ನು ಆಗುತ್ತದೆ, ಕೆಲವರ ಬಾಯಲ್ಲಿ ಪಿಸುಮಾತಾಗಿ ಕುಷ್ಠವೂ ಆಗುತ್ತದೆ.

ಅನುಭವಿ ಚರ್ಮವೈದ್ಯರು ಮುಖದ ಮಚ್ಚೆ ನೋಡಿದವರೇ ಕಿವಿಗೆ ಕೈಹಾಕುತ್ತಾರೆ. ‘ಸ್ವಲ್ಪ ಈ ಕಡೆ ತಿರುಗಮ್ಮಾ’ ಎಂದು ಕಿವಿಯನ್ನು ಬೆಳಕಿಗೆ ಹಿಡಿದು ಅದರ ಬಟ್ಟಲಿನೊಳಗೆ ಟಾರ್ಚ್ ಬಿಡುತ್ತಾರೆ. ಅಲ್ಲಿ ಕರಿ ಚುಕ್ಕೆಗಳಂತೆ ಮುಚ್ಚಿಕೊಂಡ ರಂಧ್ರಗಳು, ಸುತ್ತ ಕಪ್ಪಾದ ಚರ್ಮ ಕಂಡರೆ ಅರ್ಧ ಉತ್ತರ ಸಿಕ್ಕಂತೆ. ರೋಗಿಗೆ ಅಲ್ಲೊಂದು ಮಚ್ಚೆ ಇರುವುದು ಅಷ್ಟರವರೆಗೆ ಗೊತ್ತೇ ಇರುವುದಿಲ್ಲ. ಕನ್ನಡಿಯಲ್ಲಿ ಕಿವಿಯ ಬಟ್ಟಲು ನೋಡಿಕೊಳ್ಳುವವರು ಯಾರು? ಆಮೇಲೆ ತಲೆಗೂದಲು ಸರಿಸಿ ನೋಡುತ್ತಾರೆ. ನೆತ್ತಿಯಲ್ಲಿ ನುಣುಪಾದ ಬೋಳು ಜಾಗ ಇದ್ದರೆ, ‘ಹುಳ ತಿಂದಿದೆ’ ಎಂದು ಮನೆಯವರು ಬೆಳ್ಳುಳ್ಳಿ ತಿಕ್ಕಿದ್ದರೆ, ಉಳಿದರ್ಧ ಉತ್ತರವೂ ಸಿಗಬಹುದು.

ಕೂದಲ ವಿಷಯದಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ಸಾಮಾನ್ಯವಾಗಿ ‘ಹುಳ ತಿಂದ’ ಜಾಗದಲ್ಲಿ ಕೂದಲ ಬುಡ ಜೀವಂತ ಇರುತ್ತದೆ, ಕೂದಲು ಮತ್ತೆ ಬರುತ್ತದೆ. ಡಿಸ್ಕಾಯ್ಡ್ ಲೂಪಸ್ ಕೂದಲನ್ನು ಹುಟ್ಟಿಸುವ ಮೂಲಕೋಶಗಳನ್ನೇ ನಾಶಮಾಡುತ್ತದೆ. ಗಾಯದ ಕಲೆ ಕಟ್ಟಿದ ಮೇಲೆ ಯಾವ ಎಣ್ಣೆಯೂ ಅಲ್ಲಿ ಕೂದಲು ತರಿಸುವುದಿಲ್ಲ. ಮುಖದ ಕಲೆಗೂ ಇದೇ ಮಾತು. ಮಚ್ಚೆ ಹಸಿಯಾಗಿದ್ದಾಗ ಔಷಧಕ್ಕೆ ಬಗ್ಗುತ್ತದೆ, ಕಲೆಯಾದ ಮೇಲೆ ಬಗ್ಗುವುದಿಲ್ಲ. ಕಾಯಿಲೆ ಅಪರೂಪದ್ದು ನಿಜ. ಆದರೆ ಮುಖ ಕೆಡಿಸುವುದು ಅದರ ಅಪರೂಪವಲ್ಲ, ನಾವು ಕಳೆಯುವ ತಿಂಗಳುಗಳು.

ಬಿಸಿಲೇ ಕೂಲಿಯಾದ ಕಡೆ

ಬಿಸಿಲಿನ ನೇರಳಾತೀತ ಕಿರಣ ಎಲ್ಲರ ಚರ್ಮದ ಕೋಶಗಳನ್ನೂ ಘಾಸಿ ಮಾಡುತ್ತದೆ. ಸತ್ತ ಕೋಶಗಳನ್ನು ದೇಹ ಸದ್ದಿಲ್ಲದೆ ಗುಡಿಸಿ ಹಾಕುತ್ತದೆ. ಲೂಪಸ್ ಇದ್ದವರಲ್ಲಿ ಈ ಗುಡಿಸುವ ಕೆಲಸ ಸರಿಯಾಗಿ ನಡೆಯುವುದಿಲ್ಲ. ಕೋಶದ ಒಳಗೆ ಅಡಗಿರಬೇಕಾದ ಪ್ರೊಟೀನುಗಳು ಹೊರಗೆ ಕಾಣಿಸಿಕೊಳ್ಳುತ್ತವೆ, ದೇಹ ಅವನ್ನು ಪರಕೀಯವೆಂದು ಬಗೆಯುತ್ತದೆ, ಇಂಟರ್‌ಫೆರಾನ್ ಎಂಬ ರಾಸಾಯನಿಕ ಉಕ್ಕುತ್ತದೆ, ಬಿಳಿ ರಕ್ತಕಣಗಳು ಬಂದು ಚರ್ಮದ ಮೇಲ್ಪದರ ಮತ್ತು ಒಳಪದರ ಸೇರುವ ಗಡಿಯಲ್ಲಿ ಜಮಾಯಿಸುತ್ತವೆ. ಬಿಸಿಲಿಗೆ ಹೋದ ದಿನವೇ ಮಚ್ಚೆ ಏಳಬೇಕೆಂದಿಲ್ಲ, ವಾರ ಎರಡು ವಾರ ಬಿಟ್ಟು ಏಳಬಹುದು. ಅದಕ್ಕೇ ಬಿಸಿಲಿಗೂ ಮಚ್ಚೆಗೂ ಇರುವ ನಂಟು ಬಹಳ ಜನಕ್ಕೆ ಹೊಳೆಯುವುದಿಲ್ಲ.

ಈ ಸೀಮೆ ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ನಡುವೆ ಇನ್ನೊಮ್ಮೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಏಪ್ರಿಲ್ ಬಿಸಿಲನ್ನು ಜನ ಬೈದುಕೊಂಡಾದರೂ ನೆರಳು ಹುಡುಕುತ್ತಾರೆ. ಆಗಸ್ಟಿನದು ಮೋಸದ ಬಿಸಿಲು. ಮೋಡ ಮುಸುಕಿರುತ್ತದೆ, ಸೆಕೆ ಇರುವುದಿಲ್ಲ, ಆದರೆ ನೇರಳಾತೀತ ಕಿರಣದ ದೊಡ್ಡ ಪಾಲು ಮೋಡ ದಾಟಿ ಬರುತ್ತದೆ. ಹೊನ್ನಾಳಿ ಕಡೆ ಭದ್ರಾ ನಾಲೆಯ ನೀರಲ್ಲಿ ಭತ್ತದ ನಾಟಿ ನಡೆಯುವುದು ಆಗಲೇ. ಬಗ್ಗಿ ನಾಟಿ ಹಾಕುವವಳ ಮುಖಕ್ಕೆ ಗದ್ದೆಯ ನೀರಿಗೆ ಬಿದ್ದ ಬೆಳಕೂ ಒಂದಿಷ್ಟು ತಿರುಗಿ ಹೊಡೆಯುತ್ತದೆ. ತಲೆಯ ಮೇಲಿನ ಟವೆಲ್ಲು ಅದನ್ನು ತಡೆಯುವುದಿಲ್ಲ. ಚನ್ನಗಿರಿಯಲ್ಲಿ ಅಡಿಕೆ ಸುಗ್ಗಿ ಬಂತೆಂದರೆ ಸುಲಿಯುವವರು ಚಪ್ಪರದಡಿ ಇದ್ದಾರು, ಆದರೆ ಬೇಯಿಸಿದ ಅಡಿಕೆಯನ್ನು ಕಣದಲ್ಲಿ ಹರವಿ ಗಳಿಗೆಗೊಮ್ಮೆ ಕೈಯಾಡಿಸುವವರಿಗೆ ನೆರಳಿಲ್ಲ. ನ್ಯಾಮತಿಯ ಮೆಕ್ಕೆಜೋಳದ ಹೊಲದಲ್ಲಿ, ಜಗಳೂರಿನ ಶೇಂಗಾ ಹೊಲದಲ್ಲಿ ಕಳೆ ತೆಗೆಯುವವರ ಸ್ಥಿತಿಯೂ ಅಷ್ಟೇ. ಜಗಳೂರಲ್ಲಂತೂ ಊಟಕ್ಕೆ ಕೂರಲು ಒಂದು ಬೇವಿನ ಮರ ಸಿಕ್ಕರೆ ಪುಣ್ಯ.

ಡಿಸ್ಕಾಯ್ಡ್ ಲೂಪಸ್ ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು. ಕಾಣಿಸಿಕೊಳ್ಳುವುದೂ ಬಹುತೇಕ 20ರಿಂದ 40ರ ವಯಸ್ಸಿನೊಳಗೆ, ಅಂದರೆ ಹೊಲದ ಕೆಲಸಕ್ಕೆ ಗಟ್ಟಿಯಿರುವ ವಯಸ್ಸಲ್ಲೇ. ಗಂಡಸರಲ್ಲಿ ಬೀಡಿ ಸಿಗರೇಟಿನ ಹೊಗೆ ಕಾಯಿಲೆಯನ್ನು ಜೋರು ಮಾಡುತ್ತದೆ.

ಟ್ಯೂಬಿನೊಳಗೆ ಏನಿದೆ

ಅಂಗಡಿಯಲ್ಲಿ ಹುಳುಕಡ್ಡಿಗೆಂದು ಕೊಡುವ ಮುಲಾಮುಗಳಲ್ಲಿ ಅನೇಕವು ಕಲಸುಮೇಲೋಗರ. ಶಿಲೀಂಧ್ರ ಕೊಲ್ಲಲು ಒಂದು ಔಷಧ, ಬ್ಯಾಕ್ಟೀರಿಯಾಕ್ಕೆ ಇನ್ನೊಂದು, ಜತೆಗೆ ಬೀಟಾಮೆಥಾಸೋನ್ ಅಥವಾ ಕ್ಲೊಬೆಟಸೋಲ್‌ನಂಥ ಜೋರಾದ ಸ್ಟೀರಾಯ್ಡ್. ಕೆರೆತ ಎರಡು ದಿನದಲ್ಲಿ ಇಳಿಯುವುದು ಈ ಸ್ಟೀರಾಯ್ಡ್‌ನಿಂದ. ಹುಳುಕಡ್ಡಿ ಒಳಗೊಳಗೇ ಹಬ್ಬುವುದೂ ಅದರಿಂದಲೇ. ಬಂಗಿಗೆ, ಬೆಳ್ಳಗಾಗಲಿಕ್ಕೆ ಎಂದು ಮುಖಕ್ಕೆ ಹಚ್ಚಿಕೊಂಡು ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ ಎದ್ದು, ಹೆಣ್ಣುಮಕ್ಕಳಿಗೆ ಗಲ್ಲದ ಮೇಲೆ ಕೂದಲು ಬಂದ ಪ್ರಕರಣಗಳು ದೇಶದ ಎಲ್ಲ ಕಡೆ ಹೆಚ್ಚಿದ್ದರಿಂದ ಚರ್ಮವೈದ್ಯರ ಸಂಘ ವರ್ಷಗಟ್ಟಲೆ ಕೂಗೆಬ್ಬಿಸಿತು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು ‘ಶೆಡ್ಯೂಲ್ ಎಚ್’ಗೆ ಸೇರಿಸಿ, ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ ಎಂದಿತು. ಕಾಗದದ ಮೇಲೆ ಒಳ್ಳೆಯ ನಿಯಮ. ಸಂತೆ ದಿನ ಅಂಗಡಿ ಮುಂದೆ ಅದರ ಸುಳಿವಿಲ್ಲ.

ಡಿಸ್ಕಾಯ್ಡ್ ಲೂಪಸ್ಸಿನಲ್ಲಿ ಈ ಟ್ಯೂಬಿನ ಆಟ ಇನ್ನೂ ವಿಚಿತ್ರ. ಸ್ಟೀರಾಯ್ಡ್ ಮುಲಾಮು ಈ ಕಾಯಿಲೆಗೆ ನಿಜವಾದ ಚಿಕಿತ್ಸೆಯೂ ಹೌದು! ಯಾವ ಶಕ್ತಿಯದು, ಯಾವ ಜಾಗಕ್ಕೆ, ಎಷ್ಟು ವಾರ ಎಂದು ಲೆಕ್ಕ ಹಾಕಿ ವೈದ್ಯರೇ ಅದನ್ನು ಬರೆಯುತ್ತಾರೆ. ಹಾಗಾಗಿ ಅಂಗಡಿಯ ಟ್ಯೂಬ್ ಹಚ್ಚಿದಾಗಲೂ ಮಚ್ಚೆ ಸ್ವಲ್ಪ ಮಂಕಾಗುತ್ತದೆ. ‘ಕೇಳ್ತಾ ಇದೆ’ ಎಂದು ರೋಗಿ ಸಮಾಧಾನಪಡುತ್ತಾಳೆ. ಟ್ಯೂಬ್ ಮುಗಿಯುತ್ತದೆ, ಮಚ್ಚೆ ಮರಳುತ್ತದೆ, ಇನ್ನೊಂದು ಟ್ಯೂಬ್ ಬರುತ್ತದೆ. ಅಷ್ಟರಲ್ಲಿ ಒಂದು ಸುಗ್ಗಿ ಕಳೆದಿರುತ್ತದೆ. ಹಚ್ಚುವುದು ಸಾಲದೆಂದು ಹುಳುಕಡ್ಡಿಯ ಮಾತ್ರೆಗೂ ಕೈಹಾಕಿದರೆ ಇನ್ನೊಂದು ಎಡವಟ್ಟು: ಟೆರ್ಬಿನಾಫಿನ್ ಮಾತ್ರೆ ಚರ್ಮದ ಲೂಪಸ್ಸಿನ ಒಂದು ಬಗೆಯನ್ನು ತಾನೇ ಎಬ್ಬಿಸಬಲ್ಲದೆಂದು ಗುರುತಿಸಲಾದ ಔಷಧಗಳಲ್ಲೊಂದು. ಹಳೆಯ ಗ್ರೈಸಿಯೋಫುಲ್ವಿನ್ ಕೂಡ ಲೂಪಸ್ ಇದ್ದವರಿಗೆ ಆಗಿಬರುವುದಿಲ್ಲ. ಇಲ್ಲದ ಹುಳುಕಡ್ಡಿಗೆ ಮಾತ್ರೆ ನುಂಗಿ ಇರುವ ಲೂಪಸ್ಸನ್ನು ಕೆಣಕಿದಂತಾಗುತ್ತದೆ.

ಟ್ಯೂಬ್ ಸೋತಾಗ ಕೆಲವು ಮನೆಗಳಲ್ಲಿ ನಾಗದೋಷದ ಮಾತು ಬರುತ್ತದೆ. ಪೂಜೆ ಮಾಡಿಸಬೇಡಿ ಎಂದು ನಾನು ಹೇಳುವುದಿಲ್ಲ. ಪೂಜೆ ಮುಗಿಸಿಕೊಂಡು ಅದೇ ವಾರ ಚರ್ಮದ ಡಾಕ್ಟರ ಹತ್ತಿರವೂ ಹೋಗಿ ಎಂದಷ್ಟೇ ಹೇಳುತ್ತೇನೆ. ಕುಷ್ಠದ ಭಯಕ್ಕಂತೂ ಸುಲಭದ ಉತ್ತರವಿದೆ. ಕುಷ್ಠದ ಮಚ್ಚೆಯಲ್ಲಿ ಸಾಮಾನ್ಯವಾಗಿ ಸ್ಪರ್ಶಜ್ಞಾನ ಕುಂದಿರುತ್ತದೆ, ಲೂಪಸ್ಸಿನ ಮಚ್ಚೆಯಲ್ಲಿ ಕುಂದುವುದಿಲ್ಲ. ಎಳೆದರೆ ನೋಯುತ್ತದೆ ಎಂದೆನಲ್ಲ. ಅಷ್ಟಕ್ಕೂ ಕುಷ್ಠವೇ ಆಗಿದ್ದರೂ ಸರ್ಕಾರಿ ಆಸ್ಪತ್ರೆಯಲ್ಲಿ ಅದರ ಮಾತ್ರೆ ಉಚಿತ, ಗುಣವಾಗುವ ಕಾಯಿಲೆ ಅದು. ಲೂಪಸ್ ಅಂಟುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ, ಒಂದೇ ಹಾಸಿಗೆಯಲ್ಲಿ ಮಲಗಿದರೂ ಅಂಟುವುದಿಲ್ಲ.

ತಾಲ್ಲೂಕು ಆಸ್ಪತ್ರೆಯಿಂದ ಮುಂದೆ ಹೋಗಬೇಕಾದ ಕಾಯಿಲೆ ಇದು. ಜಗಳೂರಿನವರಿಗೆ ದಾವಣಗೆರೆಯೇ ದಾರಿ: ಚಿಗಟೇರಿ ಜಿಲ್ಲಾಸ್ಪತ್ರೆ ಇದೆ, 1965ರಲ್ಲಿ ಶುರುವಾದ ಜೆಜೆಎಂ ವೈದ್ಯಕೀಯ ಕಾಲೇಜಿನ ಬಾಪೂಜಿ ಆಸ್ಪತ್ರೆ ಇದೆ. ನ್ಯಾಮತಿಯವರಿಗೆ, ಚನ್ನಗಿರಿಯ ಒಂದು ಭಾಗದವರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಹತ್ತಿರ. ಅಲ್ಲಿ ಮಚ್ಚೆಯಿಂದ ಮೆಣಸಿನ ಕಾಳಿನಷ್ಟು ಚರ್ಮ ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ‘ಮುಖಕ್ಕೆ ಕತ್ತರಿ ಹಾಕ್ತಾರೆ’ ಎಂದು ಹೆದರಿ ಎದ್ದುಬರುವವರುಂಟು. ಜಾಗ ಮರಗಟ್ಟಿಸಿಯೇ ತೆಗೆಯುವುದು, ಉಳಿಯುವ ಗುರುತು ಕಾಯಿಲೆ ಉಳಿಸುವ ಗುರುತಿನ ಮುಂದೆ ಏನೇನೂ ಅಲ್ಲ. ಅನುಮಾನ ಉಳಿದರೆ ಇಮ್ಯುನೊಫ್ಲೋರೆಸೆನ್ಸ್ ಎಂಬ ಪರೀಕ್ಷೆಗೆ ಇನ್ನೊಂದು ಚೂರು ದೊಡ್ಡ ಪ್ರಯೋಗಾಲಯಕ್ಕೆ ಹೋಗಬಹುದು.

ರಕ್ತಪರೀಕ್ಷೆಯಲ್ಲಿ ‘ಎಎನ್‌ಎ’ ಎಂಬುದೊಂದಿದೆ. ಅದರ ಫಲಿತಾಂಶವನ್ನು ಮೊಬೈಲಿನಲ್ಲಿ ಹುಡುಕಿ ಕಂಗಾಲಾಗುವವರು ಬಹಳ. ಡಿಸ್ಕಾಯ್ಡ್ ಲೂಪಸ್ ಇದ್ದ ಬಹಳ ಜನರಲ್ಲಿ ಎಎನ್‌ಎ ನೆಗೆಟಿವ್ ಬರುತ್ತದೆ. ಇತ್ತ ಪೂರ್ತಿ ಆರೋಗ್ಯವಂತರಲ್ಲೂ ಪಾಸಿಟಿವ್ ಬರುವುದುಂಟು. 1:40ರ ಮಟ್ಟದಲ್ಲಿ ಪರೀಕ್ಷಿಸಿದರೆ ನೂರಕ್ಕೆ ಮೂವತ್ತರಷ್ಟು ಆರೋಗ್ಯವಂತರಲ್ಲಿ ಅದು ಕಂಡಿದೆ ಎಂದು 1997ರ ಅಂತರರಾಷ್ಟ್ರೀಯ ಅಧ್ಯಯನವೊಂದು ತೋರಿಸಿತು. ಒಂದು ಚೀಟಿ ನೋಡಿ ಸಮಾಧಾನವೂ ಬೇಡ, ಎದೆಗುಂದುವುದೂ ಬೇಡ.

ಮಲೇರಿಯಾ ಮಾತ್ರೆಯ ಕಥೆ

ಈ ಕಾಯಿಲೆಯ ಮುಖ್ಯ ಮಾತ್ರೆ ಹೈಡ್ರಾಕ್ಸಿಕ್ಲೋರೋಕ್ವಿನ್. ಹೆಸರು ಕೇಳಿದ ಹಾಗಿದೆ ಅನ್ನಿಸಿದರೆ, ಹೌದು, ಕೊರೊನಾ ಕಾಲದ ಅದೇ ಮಾತ್ರೆ. ಅದಕ್ಕೂ ಚರ್ಮಕ್ಕೂ ಇರುವ ನಂಟು ಹಳೆಯದು. 1851ರಲ್ಲಿ ಪ್ಯಾರಿಸ್ಸಿನ ವೈದ್ಯ ಕ್ಯಾಜನಾವ್ ಈ ಕಾಯಿಲೆಗೆ ಇಂದಿನ ಹೆಸರಿಟ್ಟ. 1894ರಲ್ಲಿ ಲಂಡನ್ನಿನ ಪೇನ್ ಎಂಬ ವೈದ್ಯ, ಮಲೇರಿಯಾಕ್ಕೆ ಕೊಡುವ ಕ್ವಿನೈನ್ ಲೂಪಸ್ಸಿನ ಮಚ್ಚೆಗಳಿಗೂ ಫಲ ಕೊಡುತ್ತದೆ ಎಂದು ಹೇಳಿದ. 1951ರಲ್ಲಿ ಇನ್ನೊಬ್ಬ ವೈದ್ಯ ಪೇಜ್, ಮೆಪಾಕ್ರಿನ್ ಎಂಬ ಮತ್ತೊಂದು ಮಲೇರಿಯಾ ಔಷಧದಿಂದ ಮಚ್ಚೆಗಳು ಇಳಿದದ್ದನ್ನು ಪ್ರಕಟಿಸಿದ. 1955ರ ಹೊತ್ತಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಬಂತು. ಎಪ್ಪತ್ತು ವರ್ಷ ಕಳೆದರೂ ಅದರ ಜಾಗ ಬೇರೆ ಯಾವುದೂ ಕಸಿದಿಲ್ಲ.

2020ರ ಮಾರ್ಚಿನಲ್ಲಿ ಐಸಿಎಂಆರ್ ಕೊರೊನಾ ತಡೆಗೆ ಆರೋಗ್ಯ ಸಿಬ್ಬಂದಿ ಈ ಮಾತ್ರೆ ತೆಗೆದುಕೊಳ್ಳಬಹುದು ಎಂದದ್ದೇ ತಡ, ಬೇಕಾದವರು ಬೇಡಾದವರು ಎಲ್ಲ ಖರೀದಿಗೆ ಬಿದ್ದರು. ಕೆಲವೇ ದಿನಗಳಲ್ಲಿ ಸರ್ಕಾರ ಅದನ್ನು ‘ಶೆಡ್ಯೂಲ್ ಎಚ್1’ಕ್ಕೆ ಸೇರಿಸಿ ಮಾರಾಟ ಬಿಗಿ ಮಾಡಿತು. ವರ್ಷಾನುಗಟ್ಟಲೆ ಅದನ್ನೇ ನಂಬಿದ್ದ ಲೂಪಸ್ ರೋಗಿಗಳು ಲಾಕ್‌ಡೌನ್‌ನಲ್ಲಿ ಅಂಗಡಿ ಅಂಗಡಿ ಅಲೆದರು. ಅದೇ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಅಧ್ಯಯನ, ಆಸ್ಪತ್ರೆ ಸೇರಿದ ಕೊರೊನಾ ರೋಗಿಗಳಿಗೆ ಇದರಿಂದ ಪ್ರಯೋಜನವಿಲ್ಲ ಎಂದಿತು. ಟಿ.ವಿ. ನೋಡಿ ಕೊಂಡ ಮಾತ್ರೆಗಳು ಎಷ್ಟೋ ಮನೆಗಳ ಕಪಾಟಿನಲ್ಲಿ ಅವಧಿ ಮುಗಿದು ಕಸ ಸೇರಿದವು.

ಮಾತ್ರೆಯ ಲೆಕ್ಕ ಸರಳ: ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 5 ಮಿಲಿಗ್ರಾಂ ಮೀರಬಾರದು. 40 ಕಿಲೋ ತೂಗುವ ಹೆಂಗಸಿಗೆ 200 ಮಿಲಿಗ್ರಾಂನ ಒಂದು ಮಾತ್ರೆ. ‘ಬೇಗ ಗುಣವಾಗಲಿ’ ಎಂದು ಎರಡು ನುಂಗಿದರೆ ಗುಣ ಬೇಗ ಬರುವುದಿಲ್ಲ, ಕಣ್ಣಿನ ರೆಟಿನಾಕ್ಕೆ ಅಪಾಯ ಹೆಚ್ಚುತ್ತದೆ. ಶುರುವಿನ ವರ್ಷದಲ್ಲೊಮ್ಮೆ, ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಮಾಡಿಸಬೇಕು. ಇನ್ನೊಂದು ಮಾತು: ಇದು ನಿಧಾನದ ಔಷಧ, ಫಲ ಕಾಣಲು ಎರಡು ಮೂರು ತಿಂಗಳು ಬೇಕು. ಹದಿನೈದು ದಿನಕ್ಕೆ ಬೇಸತ್ತು ಬಿಡುವವರೇ ಜಾಸ್ತಿ. ಅಷ್ಟರವರೆಗೆ ಮಚ್ಚೆಯನ್ನು ಹಿಡಿತದಲ್ಲಿಡಲು ಮುಲಾಮು, ಗಟ್ಟಿ ಮಚ್ಚೆಗೆ ನೇರವಾಗಿ ಸ್ಟೀರಾಯ್ಡ್ ಸೂಜಿ. ಬಸುರಿಯಾದೆನೆಂದು ಮಾತ್ರೆ ತಾವಾಗಿಯೇ ನಿಲ್ಲಿಸಬಾರದು; ಗರ್ಭಿಣಿಯರೂ ಮುಂದುವರಿಸಬಹುದಾದ ಔಷಧ ಇದು.

ಚರ್ಮದಲ್ಲೇ ಇರುವ ಡಿಸ್ಕಾಯ್ಡ್ ಕಾಯಿಲೆ ಮುಂದೆ ಒಳಗಿನ ಲೂಪಸ್ಸಾಗಿ ತಿರುಗುವುದು ನೂರಕ್ಕೆ ಐದರಿಂದ ಹತ್ತು ಜನರಲ್ಲಿ. ಮಚ್ಚೆಗಳು ಕುತ್ತಿಗೆಯಿಂದ ಕೆಳಗೂ ಹಬ್ಬಿದ್ದರೆ ಸಾಧ್ಯತೆ ಹೆಚ್ಚು. ಬೆಳಿಗ್ಗೆ ಎದ್ದಾಗ ಬೆರಳ ಕೀಲು ಬಿಗಿಯುವುದು, ಬಾಯಿಯ ಅಂಗುಳದಲ್ಲಿ ನೋಯದ ಹುಣ್ಣು, ಕಾರಣವಿಲ್ಲದ ಜ್ವರ, ಕಾಲು ಊದುವುದು, ಮೂತ್ರದಲ್ಲಿ ನೊರೆ, ಇವು ಕಂಡರೆ ತಡಮಾಡುವಂತಿಲ್ಲ. ಏನೂ ಕಾಣದಿದ್ದರೂ ವರ್ಷಕ್ಕೊಮ್ಮೆ ಮೂತ್ರ, ರಕ್ತ ಪರೀಕ್ಷೆ ಇರಲಿ. ಹಳೆಯ ಕಲೆಯ ಮೇಲೆ, ಅದರಲ್ಲೂ ಬಿಳುಚಿಕೊಂಡ ಕೆಳತುಟಿಯಲ್ಲಿ, ಮಾಯದ ಹುಣ್ಣೆದ್ದರೆ ಕ್ಯಾನ್ಸರ್ ಅಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು.

ಲೂಪಸ್ ಕುಟುಂಬದಲ್ಲಿ ಇನ್ನೂ ಅಪರೂಪದ ಬಗೆಗಳಿವೆ. ಚರ್ಮದಡಿಯ ಕೊಬ್ಬನ್ನು ತಿಂದು ಕೆನ್ನೆಯಲ್ಲೋ ತೋಳಿನಲ್ಲೋ ಗುಳಿ ಬೀಳಿಸುವುದು ಲೂಪಸ್ ಪ್ಯಾನಿಕ್ಯುಲೈಟಿಸ್. ನೀರುಗುಳ್ಳೆಗಳೇಳುವುದು ಬುಲ್ಲಸ್ ಲೂಪಸ್. ಇದಕ್ಕೆ ಮದ್ದಾಗಿ ಬರುವುದು ಕುಷ್ಠರೋಗದ ಡ್ಯಾಪ್ಸೋನ್ ಎಂಬುದು ಸೋಜಿಗ. ಅನೇಕರಲ್ಲಿ ಗುಳ್ಳೆಗಳು ದಿನಗಳಲ್ಲೇ ಅಡಗುತ್ತವೆ. ತಾಯಿಯ ರಕ್ತದಲ್ಲಿ ‘ಆ್ಯಂಟಿ-ರೋ’ ಎಂಬ ಪ್ರತಿಕಾಯ ಇದ್ದರೆ ಹುಟ್ಟಿದ ಮಗುವಿನ ಕಣ್ಣ ಸುತ್ತ ಬಳೆಯಾಕಾರದ ಮಚ್ಚೆಗಳೇಳಬಹುದು. ಆ ಮಚ್ಚೆಗಳು ಆರೆಂಟು ತಿಂಗಳಲ್ಲಿ ತಾವೇ ಹೋಗುತ್ತವೆ, ಆದರೆ ಇಂಥ ತಾಯಂದಿರ ನೂರು ಮಕ್ಕಳಲ್ಲಿ ಒಂದೆರಡಕ್ಕೆ ಹೃದಯದ ಬಡಿತವೇ ನಿಧಾನವಾಗುವ ತೊಂದರೆ ಆಗುವುದರಿಂದ ಬಸುರಿನಲ್ಲೇ ತಪಾಸಣೆ ಬೇಕು. ತಾಯಿಗೆ ಕಾಯಿಲೆಯ ಲಕ್ಷಣವೇ ಇಲ್ಲದಿರುವುದೂ ಉಂಟು.

ಬ್ರಿಟನ್ನಿನ ಗಾಯಕ ಸೀಲ್‌ನ ಚಿತ್ರ ನೋಡಿದವರಿಗೆ ಅವನ ಎರಡೂ ಕೆನ್ನೆಯ ಕಲೆಗಳು ನೆನಪಿರಬಹುದು. ಆಫ್ರಿಕಾದ ಯಾವುದೋ ಬುಡಕಟ್ಟಿನ ಗುರುತು ಎಂದು ಜನ ಬಹುಕಾಲ ತಿಳಿದಿದ್ದರು. ಎಳೆಯ ವಯಸ್ಸಿನಲ್ಲಿ ಬಂದ ಡಿಸ್ಕಾಯ್ಡ್ ಲೂಪಸ್ ಅದು. ಕೂದಲೂ ಅದರಿಂದಲೇ ಹೋದದ್ದು. ಅವನು ಅದೇ ಮುಖದಲ್ಲಿ ವೇದಿಕೆ ಏರಿ ಲೋಕಪ್ರಸಿದ್ಧನಾದ. ನಮ್ಮಲ್ಲಿ ಕೆನ್ನೆಯ ಮೇಲೆ ಅದೇ ಕಲೆ ಇದ್ದ ಹುಡುಗಿ ಜಾತ್ರೆಗೂ ಸೆರಗು ಮುಚ್ಚಿಕೊಂಡು ಹೋಗುತ್ತಾಳೆ.

‘ಬಿಸಿಲಿಗೆ ಹೋಗಬೇಡಿ’ ಎಂಬ ಸಲಹೆಯ ಬಗ್ಗೆ ನನ್ನ ತಕರಾರಿದೆ. ಕೂಲಿಗೆ ಹೋಗುವವಳಿಗೆ ಅದನ್ನು ಹೇಳುವುದೂ ಒಂದೇ, ಹೇಳದಿರುವುದೂ ಒಂದೇ. ಅವಳಿಗೆ ಆಗುವಂಥದ್ದನ್ನು ಹೇಳಬೇಕು. ಹೊಲಕ್ಕೆ ಹೋಗುವಾಗ ನಮ್ಮ ಹೆಂಗಸರು ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ ಹಾಕುತ್ತಾರಲ್ಲ, ಅದು ಚೆನ್ನಾಗಿಯೇ ಇದೆ. ತೆಳು ಬಿಳಿ ಬಟ್ಟೆಗಿಂತ ಒತ್ತು ನೇಯ್ಗೆಯ ಗಾಢ ಬಣ್ಣದ್ದಾದರೆ ಇನ್ನೂ ವಾಸಿ. ತಲೆಗೆ ಸುತ್ತುವ ಟವೆಲ್ಲು ಕೆನ್ನೆ, ಮೂಗು, ಕಿವಿಗಳನ್ನೂ ಮುಚ್ಚಲಿ. ಬೆಳಗಿನ ಹೊತ್ತು ಬೇಗ ಕೆಲಸ ಹಿಡಿದು ಹತ್ತರಿಂದ ಮೂರರವರೆಗಿನ ಬಿಸಿಲು ತಪ್ಪಿಸಲು ಮೇಸ್ತ್ರಿಯೋ ಖೇಣಿದಾರರೋ ಒಪ್ಪಿದರೆ ಅರ್ಧ ಚಿಕಿತ್ಸೆ ಆದಂತೆ. ಕಣದಲ್ಲಿ ಕೈಯಾಡಿಸುವ ಬದಲು ಅವಳನ್ನು ಚಪ್ಪರದಡಿ ಸುಲಿಯಲು ಕೂರಿಸಿದರೆ ಯಾರ ಗಂಟೂ ಹೋಗುವುದಿಲ್ಲ. ಸನ್‌ಸ್ಕ್ರೀನ್ ಬೇಕೇ ಬೇಕು, ಆದರೆ ಬಟ್ಟಿನಲ್ಲಿ ಚುಕ್ಕೆ ಇಟ್ಟರೆ ಸಾಲದು. ಎರಡು ಬೆರಳುದ್ದಕ್ಕೆ ಹಿಂಡಿ ಮುಖ, ಕುತ್ತಿಗೆ, ಕಿವಿಗೆ ಹಚ್ಚಬೇಕು, ಬೆವರಿದರೆ ಮತ್ತೆ ಹಚ್ಚಬೇಕು. ಅದು ದುಬಾರಿ. ಲೂಪಸ್ ಇದ್ದವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಅದನ್ನು ಸೌಂದರ್ಯವರ್ಧಕವೆಂದು ಎಣಿಸದೆ ಔಷಧವೆಂದೇ ಕೊಡಬೇಕು. ಬಿಸಿಲು ತಪ್ಪಿಸುವವರು ವಿಟಮಿನ್ ಡಿ ಕಡೆಗೂ ಗಮನ ಕೊಡಲಿ.

ಕುಷ್ಠ ಪತ್ತೆಗೆಂದು ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಮಚ್ಚೆ ನೋಡುತ್ತಾರೆ. ಸ್ಪರ್ಶ ಇದ್ದರೆ ‘ಇದು ಕುಷ್ಠ ಅಲ್ಲ’ ಎಂದು ಮುಂದಿನ ಮನೆಗೆ ಹೋಗುತ್ತಾರೆ. ಆರೋಗ್ಯ ಇಲಾಖೆ ಅವರ ತರಬೇತಿಗೆ ಒಂದೇ ಒಂದು ಸಾಲು ಸೇರಿಸಲಿ: ಮುಖದ ಮಚ್ಚೆಯಲ್ಲಿ ಸ್ಪರ್ಶ ಇದ್ದರೆ ಕಿವಿಯ ಬಟ್ಟಲನ್ನೂ ನೋಡಿ, ಅಲ್ಲೂ ಮಚ್ಚೆ ಇದ್ದರೆ ಚರ್ಮದ ವಿಭಾಗಕ್ಕೆ ಚೀಟಿ ಬರೆಸಿ. ಖರ್ಚಿಲ್ಲದ ಕೆಲಸ.

ಓದುಗರಲ್ಲಿ ಯಾರಿಗಾದರೂ, ಯಾರ ಮನೆಯಲ್ಲಾದರೂ ಮುಖದ ಮೇಲೆ ತಿಂಗಳು ದಾಟಿದರೂ ಹೋಗದ ಮಚ್ಚೆ ಇದ್ದರೆ ಚರ್ಮದ ವಿಭಾಗಕ್ಕೆ ಹೋಗಿ. ಹೋಗುವಾಗ ಈವರೆಗೆ ಹಚ್ಚಿದ ಎಲ್ಲ ಟ್ಯೂಬುಗಳನ್ನು, ನುಂಗಿದ ಮಾತ್ರೆಗಳ ಪಟ್ಟಿಯನ್ನು, ಖಾಲಿಯಾಗಿದ್ದರೂ ಸರಿ, ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ಮಚ್ಚೆ ಶುರುವಾದಾಗಿನ ಫೋಟೊ ಮೊಬೈಲಿನಲ್ಲಿದ್ದರೆ ಅದನ್ನೂ ತೋರಿಸಿ. ಅಂಗಡಿಯಲ್ಲಿ ತೆಗೆದುಕೊಂಡೆ ಎನ್ನಲು ನಾಚಿಕೆ ಬೇಡ. ಡಾಕ್ಟರಿಗೆ ಮೊದಲು ತಿಳಿಯಬೇಕಾದದ್ದೇ ಅದು.